ರಕ್ತದ ಬಾಟಲಿಗೂ ಮೈಲಿಗೆ



ಡಾ. ಚಾರ್ಲ್ಸ್ ಡ್ರೂ ಬಗ್ಗೆ ನಮ್ಮ ಗುಂಪಲ್ಲಿ ಮತ್ತೆ ಅದೇ ಪೋಸ್ಟ್ ಓಡಾಡ್ತಿದೆ: ರಕ್ತನಿಧಿ ಕಟ್ಟಿದ ಕರಿಯ ವೈದ್ಯನಿಗೇ ಬಿಳಿಯರ ಆಸ್ಪತ್ರೆ ರಕ್ತ ಕೊಡದೆ ಸಾಯಿಸಿತು ಅಂತ. ಹಿಂದೆ ನಾನೂ ಅದನ್ನ ಹಂಚಿದ್ದೆ. ಅದು ನಿಜ ಅಲ್ಲ. ನಡೆದದ್ದು ಇದು.

ಗುಂಡು ತಗುಲಿದ ಸೈನಿಕ ಎಷ್ಟೋ ಸಲ ಸಾಯೋದು ರಕ್ತ ಹರಿದು. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಸೇನೆ ಹತ್ತು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ವಿಮಾನದಲ್ಲಿ ಸಾಗಿಸಿತು. ಸರಕು ಇಳಿಸಿದ ವಿಮಾನದಲ್ಲೇ ವಾಪಸ್ ಬರುವಾಗ ಸ್ಟ್ರೆಚರ್‌ಗಳ ಸಾಲು. ಆದರೆ ವಿಮಾನ ಬರೋ ತನಕ ಜೀವ ಹಿಡಿದಿಡಬೇಕಲ್ಲ? ಮಳೆ, ಮೋಡ ಕವಿದರೆ, ಇಳಿಯಲು ಜಾಗ ಇಲ್ಲದಿದ್ದರೆ ಗಂಟೆಗಟ್ಟಲೆ ಕಾಯಬೇಕು. ಆಗ ಕೈಹಿಡಿದದ್ದು ಪ್ಲಾಸ್ಮಾ, ಅಂದ್ರೆ ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯೋ ಹಳದಿ ದ್ರವ. ಒಣಗಿಸಿ ಪುಡಿ ಮಾಡಿದರೆ ಫ್ರಿಜ್ ಬೇಡ. ಶುದ್ಧ ನೀರು ಬೆರೆಸಿ ಕೆಲವೇ ನಿಮಿಷದಲ್ಲಿ ಏರಿಸಬಹುದು. ರಕ್ತದ ಗುಂಪು ಹೊಂದಿಸೋ ಕೆಲಸವೂ ಇರಲಿಲ್ಲ.

ಡ್ರೂ 1940ರಲ್ಲಿ ಡಾಕ್ಟರೇಟ್ ಪಡೆದದ್ದು ಬಾಬಾಸಾಹೇಬರು ಓದಿದ ಅದೇ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ. ವಿಷಯ: ರಕ್ತ ಕೂಡಿಡುವ ಬಗೆ. ಅದೇ ವರ್ಷ ಬಾಂಬ್ ದಾಳಿಗೆ ಸಿಕ್ಕ ಬ್ರಿಟನ್ನಿಗೆ ನ್ಯೂಯಾರ್ಕಿನಿಂದ ಪ್ಲಾಸ್ಮಾ ಕಳಿಸುವ ಯೋಜನೆಗೆ ಅವರೇ ವೈದ್ಯಕೀಯ ಮುಖ್ಯಸ್ಥರು. 1941ರಲ್ಲಿ ರೆಡ್‌ಕ್ರಾಸ್‌ನ ಮೊದಲ ರಕ್ತನಿಧಿಯನ್ನೂ ನಡೆಸಿದರು.

ಅದೇ 1941ರ ಕೊನೆಗೆ ರೆಡ್‌ಕ್ರಾಸ್, ಸೇನೆ ಹೇಳಿದಂತೆ, ಕರಿಯರ ರಕ್ತ ಬೇಡ ಅಂತು. ಡ್ರೂ ಕೈ ಚಾಚಿದ್ದರೂ ತಗೊಳ್ತಿರಲಿಲ್ಲ! ವಿರೋಧ ಬಂದಾಗ, 1942ರ ಜನವರಿಯಲ್ಲಿ, ತಗೊಳ್ತೀವಿ ಆದರೆ ಬೇರೆ ಇಡ್ತೀವಿ ಅಂದರು. ಇದಕ್ಕೆ ವಿಜ್ಞಾನದ ಆಧಾರ ಇಲ್ಲ ಅಂತ ಡ್ರೂ ಬಹಿರಂಗವಾಗೇ ಹೇಳಿದರು. ಮಹಾಡ್ ಕೆರೆ ನೀರಿಗೆ ಮೈಲಿಗೆ ಅಂದ ಬುದ್ಧಿಯೇ ಅಲ್ಲೂ ಇತ್ತು. ರೆಡ್‌ಕ್ರಾಸ್ ಇದನ್ನು ಬಿಟ್ಟದ್ದು 1950ರಲ್ಲಿ. ಲೂಸಿಯಾನಾ ರಾಜ್ಯದಲ್ಲಿ ರಕ್ತದ ಬಾಟಲಿಗೆ ಜನಾಂಗದ ಚೀಟಿ ಹಚ್ಚೋ ಕಾನೂನು 1972ರ ತನಕ ಇತ್ತು.

1950ರ ಏಪ್ರಿಲ್ 1ರಂದು ಉತ್ತರ ಕೆರೊಲಿನಾದಲ್ಲಿ ಕಾರು ಅಪಘಾತವಾಗಿ ಡ್ರೂ ತೀರಿಕೊಂಡರು. ಅಲ್ಲಿನ ಬಿಳಿಯ ವೈದ್ಯರು ಚಿಕಿತ್ಸೆ ಕೊಟ್ಟರು. ಪೆಟ್ಟು ಉಳಿಯುವಂಥದ್ದಾಗಿರಲಿಲ್ಲ.

ನಾನು ಗುಮಾಸ್ತ. ಕಡತ ನೋಡದೆ ಟಿಪ್ಪಣಿ ಬರೆದರೆ ಏನಾಗತ್ತೆ ಅಂತ ಗೊತ್ತು. ನಮ್ಮ ಒಂದು ಸುಳ್ಳು ಸಿಕ್ಕಿಬಿದ್ರೆ ಸಾಕು, ಎದುರಿನವರು ನಮ್ಮ ನೂರು ನಿಜಗಳನ್ನೂ ಕಸಕ್ಕೆ ಹಾಕ್ತಾರೆ. ಡ್ರೂಗೆ ಆದ ಅವಮಾನ ಕಾಗದದ ಮೇಲೇ ಇದೆ. ದಯವಿಟ್ಟು ಹಳೇ ಪೋಸ್ಟ್ ಅಳಿಸಿ, ಇದನ್ನ ಹಂಚಿ.

ಜೈ ಭೀಮ್.