ಟಾರ್ಚಿನ ಮೇಲಿನ ‘ಟಿ6’ ಹೇಳುವುದೇನು?

ಹುಬ್ಬಳ್ಳಿ: ಹೊಸ ಬಸ್ ನಿಲ್ದಾಣದ ಕಡೆಯಿಂದ ವಿಮಾನ ನಿಲ್ದಾಣದತ್ತ ಸಾಗುವ ಗೋಕುಲ ರಸ್ತೆಯಲ್ಲಿ ಕೈಗಾರಿಕಾ ವಸಾಹತು ಇದೆ, ವಾಹನಗಳ ಮಳಿಗೆಗಳಿವೆ, ಬಿಡಿಭಾಗ ಮಾರುವ ಅಂಗಡಿಗಳಿವೆ. ಇಂಥ ಅಂಗಡಿಯೊಂದರಲ್ಲಿ ಜೋರು ಬೆಳಕಿನ ಟಾರ್ಚನ್ನೋ ಬೈಕಿಗೆ ಹೆಚ್ಚುವರಿ ದೀಪವನ್ನೋ ಕೇಳಿದ ಗ್ರಾಹಕನಿಗೆ ‘ಇದು ಟಿ6 ಐತ್ರಿ’ ಎಂಬ ಉತ್ತರ ಸಿಕ್ಕರೆ ಆಶ್ಚರ್ಯವಿಲ್ಲ. ಪೆಟ್ಟಿಗೆಯ ಮೇಲೂ ಅದೇ ಅಕ್ಷರ, ಅದರ ಪಕ್ಕದಲ್ಲಿ ಸಾವಿರಾರು ಲ್ಯೂಮೆನ್‌ಗಳ ಘೋಷಣೆ. ಟಿ6 ಎಂಬುದು ದೀಪದ ಹೆಸರೆಂದೇ ಬಹಳ ಮಂದಿ ತಿಳಿದಿದ್ದಾರೆ. ಅದು ಹೆಸರಲ್ಲ, ದರ್ಜೆ.

ವ್ಯತ್ಯಾಸ ಸಣ್ಣದೆನಿಸಬಹುದು. ಆದರೆ ರಾತ್ರಿ ಪಾಳಿಯಲ್ಲಿ ತ್ರೀಫೇಸ್ ವಿದ್ಯುತ್ ಬಂದಾಗ ಪಂಪ್‌ಸೆಟ್ ಚಾಲೂ ಮಾಡಲು ಹೊಲಕ್ಕೆ ಹೋಗುವ ರೈತನಿಗೆ ಹಾವು-ಚೇಳುಗಳ ನಡುವೆ ಇರುವ ಆಸರೆ ಕೈಯಲ್ಲಿನ ಟಾರ್ಚ್ ಒಂದೇ. ಪೆಟ್ಟಿಗೆಯ ಅಕ್ಷರ ನಂಬಿ ಕೊಂಡ ದೀಪ ಬದುವಿನ ಮೇಲೆ ಮಂಕಾದರೆ ಅದು ಕೇವಲ ಹಣದ ನಷ್ಟವಲ್ಲ.

ಎಲ್‌ಇಡಿ ಚಿಪ್‌ಗಳು ಒಂದೇ ಅಚ್ಚಿನಲ್ಲಿ ಎರೆದಂತೆ ಹುಟ್ಟುವುದಿಲ್ಲ. ತೆಳುವಾದ ಬಿಲ್ಲೆಯ ಮೇಲೆ ಗ್ಯಾಲಿಯಂ ನೈಟ್ರೈಡ್ ಪದರಗಳನ್ನು ಬೆಳೆಸಿ, ಅದನ್ನು ಸಾವಿರಾರು ತುಣುಕುಗಳಾಗಿ ಕತ್ತರಿಸುತ್ತಾರೆ. ಬಿಲ್ಲೆಯ ನಡುವೆ ಬೆಳೆದ ಪದರಕ್ಕೂ ಅಂಚಿನಲ್ಲಿ ಬೆಳೆದ ಪದರಕ್ಕೂ ಸೂಕ್ಷ್ಮ ವ್ಯತ್ಯಾಸ ಇದ್ದೇ ಇರುತ್ತದೆ. ಚಿಪ್ ಸೂಸುವ ನೀಲಿ ಬೆಳಕನ್ನು ಬಿಳಿಯಾಗಿಸುವ ಹಳದಿ ಫಾಸ್ಫರ್ ಲೇಪನವೂ ಎಲ್ಲೆಡೆ ಒಂದೇ ದಪ್ಪಕ್ಕೆ ಕೂರುವುದಿಲ್ಲ. ಹೀಗಾಗಿ ಒಂದೇ ದಿನ, ಒಂದೇ ಯಂತ್ರದಿಂದ ಹೊರಬಂದ ದೀಪಗಳಲ್ಲಿ ಕೆಲವು ಪ್ರಖರ, ಕೆಲವು ಮಂದ. ಕೆಲವು ನೀಲಿಯತ್ತ, ಕೆಲವು ಹಳದಿಯತ್ತ. ಕಾರ್ಖಾನೆಯು ಅವುಗಳನ್ನು ಎಸೆಯುವುದಿಲ್ಲ. ಅಳೆದು ಬೇರೆ ಬೇರೆ ಡಬ್ಬಿಗಳಿಗೆ ಹಾಕುತ್ತದೆ. ಈ ಡಬ್ಬಿಯೇ ‘ಬಿನ್’. ಪಹಣಿಯಲ್ಲಿ ತಂದೆಯ ಹೆಸರಿನ ಹಿಂದೆ ಬರುವ ಬಿನ್‌ಗೂ ಇದಕ್ಕೂ ಸಂಬಂಧವಿಲ್ಲ.

ಕರಾವಳಿಯ ಗೇರುಬೀಜ ವ್ಯಾಪಾರ ಬಲ್ಲವರಿಗೆ ಈ ಪದ್ಧತಿ ಹೊಸದೇನಲ್ಲ. ‘ಡಬ್ಲ್ಯೂ 320’ ಎಂದರೆ ಒಂದು ಪೌಂಡಿಗೆ 300ರಿಂದ 320 ಇಡೀ ಬೀಜಗಳು ತೂಗುವ ದರ್ಜೆ. ‘ಡಬ್ಲ್ಯೂ 240’ ಅದಕ್ಕಿಂತ ದಪ್ಪ ಬೀಜದ್ದು. ಗೇರುಬೀಜದ ಲೆಕ್ಕದಲ್ಲಿ ತೂಕ ಎಲ್ಲೆಡೆ ಒಂದೇ ಪೌಂಡ್. ಎಲ್‌ಇಡಿಯ ಲೆಕ್ಕದಲ್ಲಿ ತಕ್ಕಡಿಯೇ ಬದಲಾಗುತ್ತದೆ ಎಂಬುದೇ ತೊಡಕು.

ಅಮೆರಿಕದ ಕ್ರೀ ಸಂಸ್ಥೆಯ ದೀಪಗಳನ್ನೇ ನೋಡಬಹುದು. ಎಕ್ಸ್‌ಆರ್-ಇ, ಎಕ್ಸ್‌ಪಿ-ಜಿ, ಎಕ್ಸ್‌ಎಂ-ಎಲ್ ಎಂಬುವು ಮನೆತನದ ಹೆಸರುಗಳು. ಅವುಗಳ ಮುಂದೆ ಬರುವ ಕ್ಯೂ5, ಆರ್5, ಟಿ6, ಯು2 ಎಂಬುವು ಪ್ರಖರತೆಯ ದರ್ಜೆಗಳು. ಕ್ಯೂ5 ಎಂದರೆ 107ರಿಂದ 114 ಲ್ಯೂಮೆನ್, ಆರ್5 ಎಂದರೆ 139ರಿಂದ 148, ಟಿ6 ಎಂದರೆ 280ರಿಂದ 300, ಯು2 ಎಂದರೆ 300ರಿಂದ 320. ಕೇಳುವವನಿಗೆ ಟಿ6 ದೀಪವು ಆರ್5 ದೀಪಕ್ಕಿಂತ ಎರಡು ಪಟ್ಟು ಉತ್ತಮ ಎನಿಸುತ್ತದೆ. ಆದರೆ 2009ರ ಎಕ್ಸ್‌ಪಿ-ಜಿ ದೀಪವನ್ನು ಅಳೆದದ್ದು 350 ಮಿಲಿಆಂಪ್ ವಿದ್ಯುತ್ತಿನಲ್ಲಿ. 2010ರ ಎಕ್ಸ್‌ಎಂ-ಎಲ್ ದೀಪವನ್ನು ಅಳೆದದ್ದು 700 ಮಿಲಿಆಂಪ್‌ನಲ್ಲಿ. ವಿದ್ಯುತ್ ಎರಡು ಪಟ್ಟು, ಬೆಳಕೂ ಎರಡು ಪಟ್ಟು. ಅಂದರೆ ಒಂದು ಆಂಪ್ ಲೆಕ್ಕದಲ್ಲಿ ಇವೆರಡೂ ಹೆಚ್ಚುಕಡಿಮೆ ಸಮಾನ. ಎಕ್ಸ್‌ಎಂ-ಎಲ್‌ನ ನಿಜವಾದ ಹೆಚ್ಚುಗಾರಿಕೆ ಅದರ ಚಿಪ್ ದೊಡ್ಡದು, 3 ಆಂಪ್‌ವರೆಗೆ ತಾಳಿಕೊಳ್ಳುತ್ತದೆ ಎಂಬುದರಲ್ಲಿದೆ. ಆ ಮಾತನ್ನು ದರ್ಜೆಯ ಅಕ್ಷರ ಹೇಳುವುದಿಲ್ಲ, ಮನೆತನದ ಹೆಸರು ಹೇಳುತ್ತದೆ.

ತಾಪಮಾನದ ಕಥೆ ಇನ್ನೂ ವಿಚಿತ್ರ. ಬಿಸಿಯಾದಷ್ಟೂ ಎಲ್‌ಇಡಿಯ ಬೆಳಕು ಕುಗ್ಗುತ್ತದೆ. ಎಕ್ಸ್‌ಎಂ-ಎಲ್ ದರ್ಜೆ ಗೊತ್ತುಪಡಿಸಿದ್ದು ಚಿಪ್ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಂಪಾಗಿರುವಾಗ. 2012ರಲ್ಲಿ ಬಂದ ಎಕ್ಸ್‌ಎಂ-ಎಲ್2 ದೀಪವನ್ನು 85 ಡಿಗ್ರಿಯಲ್ಲಿ ಅಳೆಯಲಾಯಿತು. ಆದುದರಿಂದ ಎರಡರ ಮೇಲೂ ಟಿ6 ಎಂದೇ ಇದ್ದರೂ ಹೊಸದರ ಟಿ6 ಹಳೆಯದರ ಟಿ6ಗಿಂತ ಪ್ರಖರ. ವೈಶಾಖದ ರಾತ್ರಿ ಕೈಯಲ್ಲಿ ಕಾದ ಟಾರ್ಚಿಗೆ ಹತ್ತಿರವಾದದ್ದು ಎರಡನೆಯ ಅಳತೆಯೇ.

ಇತರ ಸಂಸ್ಥೆಗಳ ಲಿಪಿ ಬೇರೆಯೇ. ಲ್ಯೂಮಿಲೆಡ್ಸ್ ಸಂಸ್ಥೆಯ ಹಳೆಯ ಲಕ್ಸಿಯಾನ್ ದೀಪಗಳಿಗೆ ನಾಲ್ಕು ಚಿಹ್ನೆಗಳ ಸಂಕೇತವಿತ್ತು: ಮೊದಲನೆಯದು ಪ್ರಖರತೆ, ನಡುವಿನ ಎರಡು ಬಣ್ಣದ ಛಾಯೆ, ಕೊನೆಯದು ವೋಲ್ಟೇಜ್. ಅಲ್ಲಿಯ ‘ಟಿ’ಗೂ ಕ್ರೀಯ ‘ಟಿ’ಗೂ ನಂಟಿಲ್ಲ. ದಕ್ಷಿಣ ಕೊರಿಯಾದ ಸಿಯೋಲ್ ಸೆಮಿಕಂಡಕ್ಟರ್ ಒಂದು ದೀಪಕ್ಕೆ ‘ಪಿ4’ ಎಂದೇ ಹೆಸರಿಟ್ಟಿತು. ಅದೇ ಕಾಲಕ್ಕೆ ಕ್ರೀಯಲ್ಲಿ ಪಿ4 ಎಂಬುದು ಒಂದು ದರ್ಜೆಯಾಗಿತ್ತು. ಗೊಂದಲವನ್ನು ಯಾರೂ ಬೇಕೆಂದೇ ಹುಟ್ಟಿಸಬೇಕಾಗಿರಲಿಲ್ಲ.

ಹಾಗಾದರೆ ಟಿ6 ಬಿಟ್ಟು ಯು2 ಕೇಳಬೇಕೇ? ಹೆಚ್ಚು ಹಣ ತೆರುವ ಅಗತ್ಯ ಕಾಣದು. ಒಂದು ದರ್ಜೆಗೂ ಮುಂದಿನದಕ್ಕೂ ಇರುವ ಅಂತರ ಶೇ 7ರಷ್ಟು. ಕ್ರೀ ತನ್ನ ಅಳತೆಯಲ್ಲೇ ಶೇ 7ರ ಏರುಪೇರು ಸಾಧ್ಯವೆಂದು ದಾಖಲೆಗಳಲ್ಲಿ ಒಪ್ಪಿಕೊಂಡಿದೆ. ಇಷ್ಟು ಸಣ್ಣ ವ್ಯತ್ಯಾಸವನ್ನು ಕಣ್ಣು ಗುರುತಿಸುವುದೂ ಕಷ್ಟ. ಕಣ್ಣಿಗೆ ಥಟ್ಟನೆ ಕಾಣುವುದು ಬಣ್ಣದ ದರ್ಜೆ. ಒಂದೇ ಕೋಣೆಯಲ್ಲಿ ಬೇರೆ ಬೇರೆ ಡಬ್ಬಿಯ ಎರಡು ದೀಪ ಹಾಕಿದರೆ ಒಂದು ಗೋಡೆ ನೀಲಿಯಾಗಿ, ಇನ್ನೊಂದು ಗುಲಾಬಿಯಾಗಿ ತೋರುತ್ತದೆ. ಬೆಚ್ಚನೆಯ ಹಳದಿ ಬಿಳುಪಿನ ದೀಪಗಳಿಗೆ ಸಾಮಾನ್ಯವಾಗಿ ಕೆಳಗಿನ ಪ್ರಖರತೆಯ ದರ್ಜೆಯೇ ಸಿಗುತ್ತದೆಂಬುದೂ ಗಮನಾರ್ಹ. ಅದು ಕಳಪೆಯ ಲಕ್ಷಣವಲ್ಲ.

ಇನ್ನು ಸಾವಿರಾರು ಲ್ಯೂಮೆನ್‌ಗಳ ಘೋಷಣೆ. ಟಿ6 ದರ್ಜೆಯ ಅಸಲಿ ಎಕ್ಸ್‌ಎಂ-ಎಲ್ ಒಂದನ್ನು ಪೂರ್ತಿ 3 ಆಂಪ್‌ನಲ್ಲಿ ಉರಿಸಿದರೂ ಚಿಪ್ಪಿನಿಂದ ಹೊರಡುವುದು 900 ಲ್ಯೂಮೆನ್ ಆಸುಪಾಸು. ಕನ್ನಡಿ, ಗಾಜು ದಾಟುವಾಗ ಅದರಲ್ಲೂ ಒಂದಷ್ಟು ಸೋರುತ್ತದೆ. ಆಗ ಅದು ಎಳೆಯುವ ಶಕ್ತಿ ಸುಮಾರು 10 ವಾಟ್. 2600 ಮಿಲಿಆಂಪ್-ಅವರ್‌ನ ಒಂದು ಲಿಥಿಯಂ ಸೆಲ್ ಅದನ್ನು ಒಂದು ತಾಸೂ ತಡೆಯದು. ಒಂದೇ ದೀಪದ ಅಂಗೈಯಗಲದ ಟಾರ್ಚು 10,000 ಲ್ಯೂಮೆನ್ ಎಂದು ಹೇಳಿಕೊಂಡರೆ ಮುಂದೆ ಏನನ್ನೂ ಕೇಳಬೇಕಾಗಿಲ್ಲ.

ಅಂಗಡಿಯಲ್ಲಿ ಕೇಳಬೇಕಾದದ್ದು ದೀಪದ ಪೂರ್ಣ ಹೆಸರು, ಅದಕ್ಕೆ ಎಷ್ಟು ಆಂಪ್ ಹರಿಯುತ್ತದೆ, ಸೆಲ್ ಎಷ್ಟರದು, ಶಾಖ ಇಳಿಸಲು ಲೋಹದ ಮೈ ಇದೆಯೇ ಎಂಬುದನ್ನು. ‘ಕ್ರೀ’ ಎಂಬ ಮುದ್ರೆಯೊಂದನ್ನೇ ನಂಬುವವರು ಇನ್ನೊಂದು ಸಂಗತಿ ತಿಳಿದಿರಬೇಕು: ಆ ಸಂಸ್ಥೆ 2021ರಲ್ಲಿ ತನ್ನ ಎಲ್‌ಇಡಿ ವಿಭಾಗವನ್ನು ಸ್ಮಾರ್ಟ್ ಗ್ಲೋಬಲ್ ಹೋಲ್ಡಿಂಗ್ಸ್‌ಗೆ ಮಾರಿ, ಅದೇ ವರ್ಷ ವುಲ್ಫ್‌ಸ್ಪೀಡ್ ಎಂದು ಹೆಸರು ಬದಲಿಸಿಕೊಂಡಿತು. ಟಾರ್ಚಿನ ಪೆಟ್ಟಿಗೆಗಳ ಮೇಲೆ ಮಾತ್ರ ಹಳೆಯ ಹೆಸರೂ ಹಳೆಯ ಟಿ6 ಅಕ್ಷರವೂ ಉಳಿದುಕೊಂಡಿವೆ.