ಅರಿವಳಿಕೆಯ ವೇಳೆಯ ಅನಾಫಿಲ್ಯಾಕ್ಸಿಸ್

ಶಸ್ತ್ರಚಿಕಿತ್ಸೆಗೆಂದು ಅರಿವಳಿಕೆ ಕೊಡುವ ಹೊತ್ತಿನಲ್ಲಿ ಬಳಸುವ ಔಷಧಗಳಿಂದ ಹಠಾತ್ತನೆ ಉಂಟಾಗುವ, ಜೀವಕ್ಕೆ ಎರವಾಗಬಲ್ಲ ತೀವ್ರ ಅಲರ್ಜಿ. ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು 2018ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಅಂದಾಜಿನಲ್ಲಿ ಸುಮಾರು 10,000 ಅರಿವಳಿಕೆಗಳಿಗೆ ಒಂದರಂತೆ ಇದು ಸಂಭವಿಸುತ್ತದೆ. ಅಲ್ಲಿ ಪರಿಶೀಲಿಸಿದ 266 ತೀವ್ರ ಪ್ರಕರಣಗಳಲ್ಲಿ 10 ಮಂದಿ ಸಾವಿಗೀಡಾದರು.

ನಿದ್ದೆ ಬರಿಸುವ ಮದ್ದೇ ಇದಕ್ಕೆ ಕಾರಣವಾಗುವುದು ಅಪರೂಪ. ಆ ಸಮೀಕ್ಷೆಯಲ್ಲಿ ಕಾರಣ ಪತ್ತೆಯಾದ ಪ್ರಕರಣಗಳಲ್ಲಿ ಅರ್ಧದಷ್ಟು, ಸೋಂಕು ತಡೆಯಲೆಂದು ಕೊಟ್ಟ ಆ್ಯಂಟಿಬಯೋಟಿಕ್‌ಗಳಿಂದ ಆದವು. ಮೂರನೇ ಒಂದು ಭಾಗ ರೋಕುರೋನಿಯಂ, ಸಕ್ಸಮೆಥೋನಿಯಂನಂಥ ಸ್ನಾಯು ಸಡಿಲಿಸುವ ಔಷಧಗಳಿಂದ. ಚರ್ಮ ಶುದ್ಧಿಗೆ ಬಳಸುವ ಕ್ಲೋರ್‌ಹೆಕ್ಸಿಡಿನ್ ಕೂಡ ಕಾರಣವಾಗುತ್ತದೆ. ರಕ್ತನಾಳಕ್ಕೆ ತೂರಿಸುವ ಕೆಲವು ಕೊಳವೆಗಳಿಗೂ ಅದರ ಲೇಪನವಿರುವುದರಿಂದ ಗುಮಾನಿ ಅದರತ್ತ ಸುಲಭವಾಗಿ ಹೋಗುವುದಿಲ್ಲ.

ಸ್ನಾಯು ಸಡಿಲಿಸುವ ಔಷಧವನ್ನು ಹಿಂದೆಂದೂ ಪಡೆಯದವರಲ್ಲೂ ಮೊದಲ ಸಲವೇ ಅಲರ್ಜಿ ಕಾಣಿಸುವುದುಂಟು. ಇದರ ಒಂದು ಎಳೆ ಸಿಕ್ಕಿದ್ದು ಕೆಮ್ಮಿನ ಸಿರಪ್ಪಿನಲ್ಲಿ. ಫೋಲ್ಕೊಡಿನ್ ಇರುವ ಸಿರಪ್ ಬಳಕೆಯಲ್ಲಿದ್ದ ನಾರ್ವೆಯಲ್ಲಿ ಇಂಥ ಪ್ರಕರಣಗಳು ಹೆಚ್ಚಿದ್ದವು. ಅದಿಲ್ಲದ ನೆರೆಯ ಸ್ವೀಡನ್ನಿನಲ್ಲಿ ಕಡಿಮೆಯಿದ್ದವು. ಎರಡೂ ಔಷಧಗಳ ರಾಸಾಯನಿಕ ರಚನೆಯಲ್ಲಿ ಹೋಲಿಕೆ ಇರುವುದರಿಂದ, ಒಂದರಿಂದ ಹುಟ್ಟಿದ ಪ್ರತಿಕಾಯ ಇನ್ನೊಂದರ ಮೇಲೂ ತಿರುಗಿ ಬೀಳುತ್ತದೆ. ನಾರ್ವೆ 2007ರಲ್ಲಿ ಆ ಸಿರಪ್ಪನ್ನು ಹಿಂತೆಗೆದುಕೊಂಡ ಮೇಲೆ ಪ್ರಕರಣಗಳು ಇಳಿದವು. ಯುರೋಪಿನ ಔಷಧ ಸಂಸ್ಥೆ ಇದೇ ಶಿಫಾರಸು ಮಾಡಿದ್ದು 2022ರ ಡಿಸೆಂಬರ್‌ನಲ್ಲಿ. ಹದಿನೈದು ವರ್ಷ ತಡವಾಯಿತೆನ್ನದೆ ವಿಧಿಯಿಲ್ಲ.

ಪ್ರಜ್ಞೆಯಿಲ್ಲದ ರೋಗಿ ತುರಿಕೆಯೆಂದೋ ಉಸಿರು ಕಟ್ಟುತ್ತಿದೆಯೆಂದೋ ಹೇಳಲಾರ. ಮೈಮೇಲೆ ಹಸಿರು ಬಟ್ಟೆ ಹೊದಿಸಿರುವುದರಿಂದ ದದ್ದೂ ಕಣ್ಣಿಗೆ ಬೀಳುವುದಿಲ್ಲ. ರಕ್ತದೊತ್ತಡ ತೀರಾ ಕುಸಿದಾಗ ದದ್ದು ಏಳದೆಯೂ ಇರಬಹುದು. ಮೊದಲು ಕಾಣುವುದು ಹೆಚ್ಚಾಗಿ ಮಾನಿಟರಿನಲ್ಲಿ ಇಳಿಯುವ ರಕ್ತದೊತ್ತಡ, ಕೆಲವೊಮ್ಮೆ ಬಿಗಿಯುವ ಶ್ವಾಸನಾಳ. ಅರಿವಳಿಕೆಯಲ್ಲಿ ರಕ್ತದೊತ್ತಡ ಇಳಿಯುವುದು ಮಾಮೂಲಿಯಾದ್ದರಿಂದ ಗುರುತಿಸುವುದು ತಡವಾಗುತ್ತದೆ.

ಚಿಕಿತ್ಸೆಯ ಮುಖ್ಯ ಔಷಧ ಅಡ್ರಿನಾಲಿನ್. ವಯಸ್ಕರಿಗೆ ರಕ್ತನಾಳದ ಮೂಲಕ ಸಾಮಾನ್ಯವಾಗಿ 50 ಮೈಕ್ರೋಗ್ರಾಂ ಕೊಟ್ಟು, ಅಗತ್ಯವಿದ್ದಷ್ಟು ಸಲ ಮತ್ತೆ ಕೊಡುತ್ತಾರೆ. ಜೊತೆಗೆ ಸಲೈನನ್ನು ವೇಗವಾಗಿ ಹರಿಸುತ್ತಾರೆ. ಸ್ಟೀರಾಯ್ಡ್, ಆ್ಯಂಟಿಹಿಸ್ಟಮಿನ್‌ಗಳು ಅಡ್ರಿನಾಲಿನ್‌ಗೆ ಬದಲಿಯಲ್ಲ. ಇಂಥ ಅಲರ್ಜಿಯಲ್ಲಿ ರಕ್ತದಲ್ಲಿ ಏರುವ ಟ್ರಿಪ್ಟೇಸ್ ಎಂಬ ಕಿಣ್ವದ ಪ್ರಮಾಣವನ್ನು ಆಗಲೇ ಅಳೆದು, ಮರುದಿನದ ಪ್ರಮಾಣಕ್ಕೆ ಹೋಲಿಸುತ್ತಾರೆ. ಯಾವ ಔಷಧದಿಂದ ಹೀಗಾಯಿತೆಂದು ತಿಳಿಯಲು ಚರ್ಮದ ಪರೀಕ್ಷೆಯನ್ನು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬಿಟ್ಟು ಮಾಡುತ್ತಾರೆ.

ಮುಂದಿನ ಆಪರೇಷನ್ನಿನ ವೇಳೆ "ಯಾವುದೋ ಇಂಜೆಕ್ಷನ್ ಆಗಿಬರಲಿಲ್ಲ" ಎಂದಷ್ಟೇ ಹೇಳಿದರೆ ಸಾಲದು; ಔಷಧದ ಹೆಸರಿರುವ ವೈದ್ಯರ ಪತ್ರವನ್ನು ರೋಗಿ ಅರಿವಳಿಕೆ ತಜ್ಞರಿಗೆ ತೋರಿಸಬೇಕು.