ಕೈ ಬದಲಾಗುವ ಹೊತ್ತು

ಹಾಸನದ ಕಡೆಯ ಹಿರಿಯರೊಬ್ಬರನ್ನು ಮಗ ಬೆಂಗಳೂರಿನ ಫ್ಲ್ಯಾಟಿಗೆ ಕರೆತಂದ. ಊರಿನ ಮನೆಯಲ್ಲಿ ರಾತ್ರಿ ಎದ್ದರೆ ಎಡಕ್ಕೆ ನಾಲ್ಕು ಹೆಜ್ಜೆ, ಬಚ್ಚಲು. ಮರೆವು ಎಷ್ಟೇ ಬಲಿತಿದ್ದರೂ ಕಾಲಿಗೆ ಆ ದಾರಿ ಗೊತ್ತಿತ್ತು. ಫ್ಲ್ಯಾಟಿನಲ್ಲಿ ಎಡಕ್ಕೆ ನಾಲ್ಕು ಹೆಜ್ಜೆ ಇಟ್ಟರೆ ಸಿಗುವುದು ಬಟ್ಟೆಯ ಬೀರು. ಮೊದಲ ವಾರವೇ ಬೀರು ಒದ್ದೆಯಾಯಿತು, ಸೊಸೆ ಅತ್ತಳು, ಡಾಕ್ಟರು ನಿದ್ದೆಮಾತ್ರೆ ಬರೆದರು. ಕಾಯಿಲೆ ಏಕಾಏಕಿ ಜೋರಾಯಿತು ಎಂದುಕೊಂಡರು ಎಲ್ಲರೂ. ಬಚ್ಚಲು ಯಾವ ಕಡೆಗಿತ್ತು ಎಂದು ಯಾರೂ ಕೇಳಲಿಲ್ಲ.

ಡಿಮೆನ್ಷಿಯಾ ಇರುವವರು ಹೀಗೆ ಒಂದು ಜಾಗದಿಂದ ಇನ್ನೊಂದಕ್ಕೆ, ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಮನೆಯವರಿಗೆ ಏನು ಆಸರೆ ಬೇಕು ಎನ್ನುವುದು ಈಗ ಒಂದು ಅಧ್ಯಯನ ಕ್ಷೇತ್ರ. ಅದು ಕಣ್ಣಿಗೆ ಬೀಳಲು ಬಹಳ ಕಾಲ ಹಿಡಿಯಿತು. 1906ರಲ್ಲಿ ಅಲೋಯಿಸ್ ಆಲ್ಝೈಮರ್ ತನ್ನ ರೋಗಿ ಆಗಸ್ಟೆ ಡೇಟರ್‌ಳ ಮಿದುಳಿನಲ್ಲಿ ಕಂಡದ್ದನ್ನು ವಿವರಿಸಿದ ಮೇಲೆ ವೈದ್ಯರ ಗಮನವೆಲ್ಲ ಮಿದುಳಿನ ಮೇಲೇ ನೆಟ್ಟಿತು. ಅವಳನ್ನು 1901ರಲ್ಲಿ ಫ್ರಾಂಕ್‌ಫರ್ಟಿನ ಆಸ್ಪತ್ರೆಗೆ ಸೇರಿಸಿದ ಗಂಡನಿಗೆ ವೈದ್ಯಚರಿತ್ರೆಯಲ್ಲಿ ಸಿಕ್ಕಿದ್ದು ಒಂದೆರಡು ಸಾಲು.

ನೋಡಿಕೊಳ್ಳುವವರ ಕಡೆ ತಿರುಗಿ ನೋಡಿದ್ದು ಅಮೆರಿಕದಲ್ಲಿ, 1980ರ ಸುಮಾರಿಗೆ. ಆ ವರ್ಷ ಸ್ಟೀವನ್ ಝರಿಟ್ ಮತ್ತು ಸಂಗಡಿಗರು ಮನೆಯವರ ಹೊರೆಯನ್ನು ಅಳೆಯುವ ಪ್ರಶ್ನಾವಳಿಯನ್ನು ಪ್ರಕಟಿಸಿದರು. ಅದರ ಪರಿಷ್ಕೃತ ರೂಪ ಇಂದಿಗೂ ಚಾಲ್ತಿಯಲ್ಲಿದೆ. ಮರುವರ್ಷ ನ್ಯಾನ್ಸಿ ಮೇಸ್ ಮತ್ತು ಪೀಟರ್ ರೇಬಿನ್ಸ್ ಮನೆಯವರಿಗಾಗಿಯೇ ಬರೆದ ಪುಸ್ತಕ ಬಂತು. ಅದರ ಹೆಸರೇ ಎಲ್ಲ ಹೇಳುತ್ತದೆ: ದಿನಕ್ಕೆ 36 ಗಂಟೆ.

ಅಳೆದದ್ದಾಯಿತು, ಇಳಿಸುವುದು ಹೇಗೆ? 1987ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮೇರಿ ಮಿಟಲ್‌ಮನ್ ಶುರುಮಾಡಿದ ಪ್ರಯೋಗ ಸರಳವಾಗಿತ್ತು. ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುವವರನ್ನು ಒಬ್ಬರೇ ಇದ್ದಾಗ ಮಾತಾಡಿಸುವುದು, ಮಕ್ಕಳು-ಬಂಧುಗಳನ್ನೂ ಕೂರಿಸಿ ಮಾತಾಡುವುದು, ಸಮಾನದುಃಖಿಗಳ ಗುಂಪಿಗೆ ಸೇರಿಸುವುದು, ಯಾವಾಗ ಫೋನ್ ಮಾಡಿದರೂ ಎತ್ತುವುದು. 406 ಮಂದಿಯ ಮೇಲೆ ನಡೆದ ಈ ಪ್ರಯೋಗದ ಫಲಿತಾಂಶ 2006ರಲ್ಲಿ ಪ್ರಕಟವಾದಾಗ, ನೆರವು ಸಿಕ್ಕವರ ಮನೆಗಳಲ್ಲಿ ರೋಗಿಯನ್ನು ನರ್ಸಿಂಗ್ ಹೋಮಿಗೆ ಸೇರಿಸುವುದು ಸುಮಾರು 557 ದಿನ ಮುಂದಕ್ಕೆ ಹೋಗಿತ್ತು. ದೊಡ್ಡ ಸಾಧನೆಯೇ. ಆದರೆ ಅಳತೆಗೋಲನ್ನು ಗಮನಿಸಿ: ಸೇರಿಸುವುದನ್ನು ಎಷ್ಟು ದಿನ ತಡೆದೆವು ಎಂಬುದೇ ಗೆಲುವಿನ ಲೆಕ್ಕ. ಖರ್ಚು ಭರಿಸಬೇಕಾದ ಸರ್ಕಾರಗಳಿಗೂ ಇದು ಹಿತವಾದ ಲೆಕ್ಕ. ಸೇರಿಸಿದ ಮಾರನೆಯ ದಿನ ಮನೆಯಲ್ಲಿ ಉಳಿದವರ ಗತಿ?

ಆ ಪ್ರಶ್ನೆಗೆ 2004ರಲ್ಲೇ ರಿಚರ್ಡ್ ಶುಲ್ಜ್ ಮತ್ತು ಸಂಗಡಿಗರ ಅಧ್ಯಯನ ಕಸಿವಿಸಿ ತರುವ ಉತ್ತರ ಕೊಟ್ಟಿತ್ತು. ರೋಗಿಯನ್ನು ಕೇಂದ್ರಕ್ಕೆ ಸೇರಿಸಿದ ಮೇಲೂ ಮನೆಯವರ ಖಿನ್ನತೆ, ಆತಂಕ ಇಳಿಯಲಿಲ್ಲ; ಆತಂಕದ ಮಾತ್ರೆ ನುಂಗುವವರು ಹೆಚ್ಚಾದರು. ಅರ್ಧದಷ್ಟು ಮಂದಿ ದಿನವೂ ಹೋಗಿ ಬರುತ್ತಿದ್ದರು, ಅಲ್ಲಿಯೂ ಕೈಯಾರೆ ಶುಶ್ರೂಷೆ ಮಾಡುತ್ತಿದ್ದರು. ಕಣ್ಣೆದುರಿಗಿದ್ದೂ ಇಲ್ಲವಾದವರ ಈ ದುಃಖಕ್ಕೆ ಸಂಶೋಧಕಿ ಪೌಲಿನ್ ಬಾಸ್ ‘ಅಸ್ಪಷ್ಟ ನಷ್ಟ’ ಎಂಬ ಅರ್ಥದ ಹೆಸರಿಟ್ಟಿದ್ದರು. ಸತ್ತವರಿಗೆ ಸೂತಕವಿದೆ, ವೈಕುಂಠ ಸಮಾರಾಧನೆಯಿದೆ. ಈ ನಷ್ಟಕ್ಕೆ ಯಾವ ಕ್ರಿಯೆಯೂ ಇಲ್ಲ. ಮುಂದೆ ಮಿನ್ನೆಸೋಟಾದ ಸಂಶೋಧಕ ಜೋಸೆಫ್ ಗಾಗ್ಲರ್, ರೋಗಿಯನ್ನು ಕೇಂದ್ರಕ್ಕೆ ಸೇರಿಸಿದ ನಂತರದ ತಿಂಗಳುಗಳಿಗೆಂದೇ ಆರು ಭೇಟಿಗಳ ಸಮಾಲೋಚನೆಯನ್ನು ರೂಪಿಸಿದರು. ನನ್ನ ಮಟ್ಟಿಗೆ ಈ ಕ್ಷೇತ್ರ ದೊಡ್ಡದಾಗಿದ್ದು ಅಲ್ಲಿ.

ಆಸ್ಪತ್ರೆಯ ಕಥೆ ಬೇರೆ. ಇಂಗ್ಲೆಂಡಿನಲ್ಲಿ 2014ರಲ್ಲಿ ಲೇಖಕಿ ನಿಕಿ ಜೆರಾರ್ಡ್ ಅವರ ತಂದೆ ಜಾನ್ ಐದು ವಾರ ಆಸ್ಪತ್ರೆಯಲ್ಲಿದ್ದರು. ಮನೆಯವರ ಭೇಟಿಗೆ ನಿರ್ಬಂಧವಿತ್ತು. ಮನೆಗೆ ಮರಳಿದಾಗ ಅವರು ಪೂರ್ತಿ ಕುಸಿದಿದ್ದರು; ಅದೇ ನವೆಂಬರಿನಲ್ಲಿ ತೀರಿಕೊಂಡರು. ಆ ತಿಂಗಳೇ ಜೆರಾರ್ಡ್ ಮತ್ತು ಜೂಲಿಯಾ ಜೋನ್ಸ್ ‘ಜಾನ್ಸ್ ಕ್ಯಾಂಪೇನ್’ ಶುರುಮಾಡಿದರು. ಬೇಡಿಕೆ ಒಂದೇ: ಡಿಮೆನ್ಷಿಯಾ ರೋಗಿಯ ಜೊತೆ ಮನೆಯವರಿಗೆ ಇರಲು ಬಿಡಿ. ನಮ್ಮವರಿಗೆ ಇದು ವಿಚಿತ್ರ ಎನ್ನಿಸೀತು. ನಮ್ಮ ವಾರ್ಡುಗಳಲ್ಲಿ ಒಬ್ಬರು ಇರಲೇಬೇಕು, ಇಲ್ಲದಿದ್ದರೆ ಔಷಧಿ ಅಂಗಡಿಗೆ ಓಡುವವರು ಯಾರು? ಅವರು ಹೋರಾಡಿ ಪಡೆದದ್ದು ನಮಗೆ ಬಿಟ್ಟಿ ಚಾಕರಿಯಾಗಿ ಬಂದಿದೆ. ನಮ್ಮ ವಾರ್ಡಿನಲ್ಲಿ ಹೀಗೆ ಓಡಾಡಿದ ಮಗಳಿಗೆ ಡಿಸ್ಚಾರ್ಜ್ ದಿನ ಬಿಲ್ ಕಟ್ಟಿಸಿಕೊಂಡು ಫೈಲು ಕೊಡುತ್ತಾರೆ. ಇವತ್ತು ರಾತ್ರಿ ಅಪ್ಪ ಟ್ಯೂಬು ಕಿತ್ತುಕೊಂಡರೆ ಏನು ಮಾಡಬೇಕೆಂದು ಫೈಲು ಹೇಳುವುದಿಲ್ಲ.

ಭಾರತದಲ್ಲಿ ಕೆಲಸ ಶುರುವಾಗಿದ್ದು ಕೇರಳದಿಂದ. 1992ರಲ್ಲಿ ಜೇಕಬ್ ರಾಯ್ ಅಲ್ಲಿ ಆಲ್ಝೈಮರ್ ಸಂಘ ಕಟ್ಟಿದರು. 2008ರಲ್ಲಿ ಪ್ರಕಟವಾದ ಗೋವಾದ ಪ್ರಯೋಗದಲ್ಲಿ ಅಮಿತ್ ಡಯಾಸ್ ತಂಡ 81 ಕುಟುಂಬಗಳನ್ನು ಸೇರಿಸಿಕೊಂಡು ಅವುಗಳಲ್ಲಿ ಅರ್ಧದಷ್ಟರ ಮನೆಬಾಗಿಲಿಗೆ ತರಬೇತಾದ ಸ್ಥಳೀಯರನ್ನು ಕಳಿಸಿತು. ನೋಡಿಕೊಳ್ಳುವವರ ಮನಸ್ಸು ಹಗುರಾಯಿತು. ಬೆಂಗಳೂರಿನಲ್ಲಿ ಡಿಮೆನ್ಷಿಯಾ ಆರೈಕೆಗೆ ನೈಟಿಂಗೇಲ್ಸ್ ಟ್ರಸ್ಟ್ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ‘ಐಸಪೋರ್ಟ್’ ಆನ್‌ಲೈನ್ ತರಬೇತಿಯನ್ನು ನಿಮ್ಹಾನ್ಸ್ ಪರೀಕ್ಷಿಸಿ ನೋಡಿದಾಗ ಸೇರಿದವರಲ್ಲಿ ಹೆಚ್ಚಿನವರು ನಡುವೆಯೇ ಬಿಟ್ಟರು. ಬಿಡದೆ ಏನು ಮಾಡುತ್ತಾರೆ, ಅಡುಗೆ-ಸ್ನಾನದ ನಡುವೆ ಪಾಠ ಓದುವ ಪುರುಸೊತ್ತು ಯಾರಿಗಿದೆ? ದೇಶದಲ್ಲಿ ಅರವತ್ತು ದಾಟಿದವರಲ್ಲಿ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರ ಅಂದಾಜು.

ಪಶ್ಚಿಮದ ಸಂಶೋಧನೆಗೆ ದಾಟುವುದೆಂದರೆ ಹೆಚ್ಚಾಗಿ ಮನೆಯಿಂದ ಕೇಂದ್ರಕ್ಕೆ. ನಮ್ಮಲ್ಲಿ ಊರಿನಿಂದ ಫ್ಲ್ಯಾಟಿಗೆ, ಹಿರಿಮಗನಿಂದ ಕಿರಿಮಗನಿಗೆ. ‘ಮೂರು ತಿಂಗಳು ನಿಮ್ಮನೆ, ಮೂರು ತಿಂಗಳು ನಮ್ಮನೆ’ ಎಂಬ ಸರದಿಯಲ್ಲಿ ಅಮ್ಮ ವರ್ಷಕ್ಕೆ ನಾಲ್ಕು ಸಲ ಬಚ್ಚಲು ಹುಡುಕಬೇಕು. ಏಜೆನ್ಸಿಯ ಆಯಾ ಹದಿನೈದು ದಿನಕ್ಕೆ ಬದಲಾಗುತ್ತಾಳೆ. ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದಲ್ಲಿ ಅನಂತನಾಗ್ ಪಾತ್ರ ಕಳೆದುಹೋಗುವುದೂ ಮಗ ಅಪ್ಪನನ್ನು ಹೊರಗೆ ಕರೆದೊಯ್ದ ದಿನವೇ. ನಮ್ಮ ಈ ದಾಟುಗಳನ್ನು ಇನ್ನೂ ಯಾರೂ ಸರಿಯಾಗಿ ಅಭ್ಯಾಸ ಮಾಡಿಲ್ಲ ಎಂಬುದೇ ನನ್ನ ತಕರಾರು.

ಅಲ್ಲಿಯವರೆಗೆ ಬ್ರಿಟನ್ನಿನ ಆಲ್ಝೈಮರ್ ಸೊಸೈಟಿಯಿಂದ ಒಂದು ಉಪಾಯ ಕಡ ತರಬಹುದು. ‘ಇದು ನಾನು’ ಎಂಬರ್ಥದ ಹೆಸರಿನ ಒಂದು ಪತ್ರ ಅವರಲ್ಲಿದೆ. ರೋಗಿಯ ರೂಢಿ, ಇಷ್ಟಾನಿಷ್ಟಗಳನ್ನು ಮನೆಯವರು ಅದರಲ್ಲಿ ತುಂಬಿ ಆಸ್ಪತ್ರೆಗೆ, ಕೇಂದ್ರಕ್ಕೆ ಕೊಡುತ್ತಾರೆ. ನಿಮ್ಮ ಮನೆಯ ಹಿರಿಯರು ಮುಂದಿನ ಸಲ ಎಲ್ಲಿಗಾದರೂ ಹೊರಟರೆ ನೋಟ್‌ಬುಕ್ಕಿನ ಒಂದು ಹಾಳೆ ಹರಿದು ಬರೆಯಿರಿ: ಯಾವ ಹೆಸರಿಗೆ ಓಗೊಡುತ್ತಾರೆ, ಕಾಫಿ ಲೋಟದಲ್ಲೋ ಕಪ್ಪಿನಲ್ಲೋ, ಸಂಜೆಯಾದರೆ ಯಾರನ್ನು ಕೇಳುತ್ತಾರೆ, ಮಲಗಿದರೆ ಬಚ್ಚಲು ಯಾವ ಕಡೆಗಿತ್ತು. ಆ ಹಾಳೆಯನ್ನು ಅವರ ಮಾತ್ರೆಯ ಡಬ್ಬಿಗೇ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಳಿಸಿ.